ಉಡದಾರ ಬಿಗಿಯಾಯಿತೇ? ಹಲ್ಲೂ ಒಮ್ಮೆ ನೋಡಿಕೊಳ್ಳಿ

ಯಾದಗಿರಿ ಜಿಲ್ಲೆಯ ತಿಂಥಣಿ ಕಡೆಯ ಮದುವೆ ಪಂಕ್ತಿಯಲ್ಲಿ ಖಡಕ್ ರೊಟ್ಟಿ ಬಡಿಸುತ್ತ ಬರುವಾಗ ಕೂತವರ ಕೈಗಳನ್ನು ಗಮನಿಸಿ. ಒಬ್ಬರು ಎರಡು ರೊಟ್ಟಿ ಹಾಕಿಸಿಕೊಂಡು ಕಟಕ್ಕನೆ ಮುರಿದು ಪಲ್ಯ ಹಚ್ಚಿಕೊಳ್ಳುತ್ತಾರೆ. ಪಕ್ಕದವರು ಅದೇ ರೊಟ್ಟಿಯನ್ನು ಸಾರಿನಲ್ಲಿ ನೆನೆಹಾಕಿ ಮೆತ್ತಗಾಗಲಿ ಎಂದು ಕಾಯುತ್ತಾರೆ. ಮೂರನೆಯವರು ತಾಟಿನ ಮೇಲೆ ಕೈ ಅಡ್ಡ ಹಿಡಿದು, "ರೊಟ್ಟಿ ಬ್ಯಾಡ್ರಿ, ಅನ್ನಾನ ಹಾಕ್ರಿ" ಎನ್ನುತ್ತಾರೆ. ಈ ಮೂರನೆಯವರು ಹಣ್ಣು ಹಣ್ಣು ಮುದುಕರೇ ಆಗಿರಬೇಕೆಂದಿಲ್ಲ. ನಲವತ್ತೈದು, ಐವತ್ತರ ಆಸುಪಾಸಿನವರೂ ಇದ್ದಾರೆ. ಹೊಟ್ಟೆ ಮುಂದೆ ಬಂದಿರುತ್ತದೆ, ದವಡೆಯ ಎರಡು ಹಲ್ಲು ಹೋಗಿರುತ್ತವೆ, ಅಂಗಿಯ ಜೇಬಿನಲ್ಲಿ ಸಕ್ಕರೆ ಕಾಯಿಲೆಯ ಗುಳಿಗೆ ಇರುತ್ತದೆ.

ಇವು ಮೂರು ಬೇರೆ ಬೇರೆ ತ್ರಾಸು ಎಂದೇ ಅವರ ಲೆಕ್ಕ. ಸಕ್ಕರೆಗೆ ಒಬ್ಬ ಡಾಕ್ಟರು, ಹಲ್ಲಿಗೆ ನೋವು ತಡೆಯದಾದಾಗ ಇನ್ನೊಬ್ಬರು, ಹೊಟ್ಟೆಗೆ ಯಾರೂ ಇಲ್ಲ. ಹೊಟ್ಟೆ ಬಂದರೆ ನಮ್ಮಲ್ಲಿ ಇನ್ನೂ "ಮೈ ಕೈ ತುಂಬ್ಯಾವು" ಎಂದು ಹೊಗಳುವ ರೂಢಿ ಇದೆ. ಆದರೆ ಬೊಜ್ಜು, ಬಾಯಿ ಮತ್ತು ಸಕ್ಕರೆ ಒಂದರ ಕೈ ಒಂದು ಹಿಡಿದು ನಡೆಯುತ್ತವೆ. ಒಂದನ್ನು ಬಿಟ್ಟು ಇನ್ನೊಂದನ್ನು ನೋಡಿಕೊಂಡರೆ ಅರ್ಧ ಕೆಲಸ ಮಾತ್ರ ಆದೀತು. ಖಡಕ್ ರೊಟ್ಟಿ ತಿನ್ನಲು ಬರುತ್ತದೋ ಇಲ್ಲವೋ ಎಂಬ ಪ್ರಶ್ನೆ ಈ ಸೀಮೆಯಲ್ಲಿ ನಾಲಿಗೆಯ ರುಚಿಗಷ್ಟೇ ಸೇರಿದ್ದಲ್ಲ, ಮನುಷ್ಯನ ಆರೋಗ್ಯ ಎಲ್ಲಿಗೆ ಬಂದಿದೆ ಎಂಬುದನ್ನೂ ಹೇಳುತ್ತದೆ.

ಜೋಳದ ನಾಡಿಗೆ ಅನ್ನ ಬಂದಾಗ

ಸುರಪುರ, ಶಹಾಪುರ ತಾಲೂಕುಗಳು ಮೂಲತಃ ಜೋಳ, ಸಜ್ಜೆ, ತೊಗರಿಯ ಒಣಭೂಮಿ. ತಿಂಥಣಿಯ ಮೇಲ್ಭಾಗದಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯ ಬಂತು, ಕಾಲುವೆ ಹರಿಯಿತು, ಕಪ್ಪು ಮಣ್ಣಿನಲ್ಲಿ ಭತ್ತ ನಿಂತಿತು. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ರೇಷನ್ ಅಂಗಡಿಯ ಅಕ್ಕಿಯೂ ಸೇರಿತು. ಇದನ್ನು ದೂರುವಂತಿಲ್ಲ. ಹಸಿವು ಕಂಡ ಜಿಲ್ಲೆ ಇದು, ಒಲೆ ಹೊತ್ತಿಸಲು ಅಕ್ಕಿ ಬೇಕಿತ್ತು. ಆದರೆ ತಾಟಿನಲ್ಲಿ ಏನು ಬದಲಾಯಿತು ಎಂಬುದನ್ನಾದರೂ ತಿಳಿದಿರಬೇಕು.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ನಾರು ಸುಮಾರು 10 ಗ್ರಾಂ. ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ಕ್ಯಾಲರಿಯಲ್ಲಿ ಎರಡಕ್ಕೂ ಹೇಳಿಕೊಳ್ಳುವ ಫರಕಿಲ್ಲ. ಹಾಗಾದರೆ "ರೊಟ್ಟಿ ತಿಂದ್ರ ತೆಳ್ಳಗ, ಅನ್ನ ಉಂಡ್ರ ದಪ್ಪ" ಎಂಬ ಮಾತು ಸುಳ್ಳೇ? ಪೂರ್ತಿ ಸುಳ್ಳಲ್ಲ. ಎರಡು ಖಡಕ್ ರೊಟ್ಟಿ ಅಗಿಯಲು ಹೊತ್ತು ಬೇಕು, ಹೊಟ್ಟೆ ತುಂಬಿತೆಂದು ಮೆದುಳಿಗೆ ಸುದ್ದಿ ಮುಟ್ಟಲು ಅಷ್ಟು ಹೊತ್ತು ಸಾಕು. ರೊಟ್ಟಿಯ ಜೊತೆ ಹಸಿ ಮೆಂತ್ಯ, ಉಳ್ಳಾಗಡ್ಡಿ, ಸವತಿಕಾಯಿ, ಕಾಳಿನ ಪಲ್ಯ ತಾನಾಗಿ ಬರುತ್ತವೆ. ಅನ್ನ ಸಾರು ಹಾಗಲ್ಲ. ಅಗಿಯುವುದೇ ಬೇಡ, ಇನ್ನೊಂದು ಸೌಟು ಹಾಕಿಸಿಕೊಂಡದ್ದು ನೆನಪೂ ಇರುವುದಿಲ್ಲ.

ಹಲ್ಲು ಹೋದವರ ಪಾಡು ಇಲ್ಲಿಂದ ಶುರುವಾಗುತ್ತದೆ. ದವಡೆ ಹಲ್ಲಿಲ್ಲದವರು ಮೊದಲು ಬಿಡುವುದು ರೊಟ್ಟಿ, ಆಮೇಲೆ ಹಸಿ ತರಕಾರಿ, ಶೇಂಗಾ, ಪೇರಲಕಾಯಿ. ಉಳಿಯುವುದು ಅನ್ನ, ಉಪ್ಪಿಟ್ಟು, ಚಹಾದಲ್ಲಿ ಅದ್ದಿದ ಬಿಸ್ಕಿಟು, ಬ್ರೆಡ್ಡು. ಹಲ್ಲು ಕಳೆದುಕೊಂಡವರ ಊಟದಲ್ಲಿ ನಾರು, ಹಣ್ಣು, ತರಕಾರಿ ಕಡಿಮೆಯಾಗುತ್ತವೆ ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡ ಮಾತು. ಜಪಾನಿನಲ್ಲಿ 1989ರಿಂದಲೇ "8020" ಎಂಬ ಆಂದೋಲನ ನಡೆದಿದೆ. 80ನೇ ವಯಸ್ಸಿಗೂ ನಿಮ್ಮವೇ 20 ಹಲ್ಲು ಬಾಯಲ್ಲಿರಲಿ ಎಂಬುದು ಅದರ ಗುರಿ. ಇಪ್ಪತ್ತು ಹಲ್ಲಿದ್ದರೆ ಬಹುತೇಕ ಎಲ್ಲ ಊಟವನ್ನೂ ಅಗಿದು ಉಣ್ಣಬಹುದು ಎಂಬ ಲೆಕ್ಕದ ಮೇಲೆ ನಿಂತ ಗುರಿ ಅದು. ಕನ್ನಡಿ ಮುಂದೆ ನಿಂತು ನಿಮ್ಮ ಹಲ್ಲು ಎಣಿಸಿ ನೋಡಿ. ಬಹಳ ಜನಕ್ಕೆ ತಮ್ಮ ಹೊಲದ ಬದು ಗೊತ್ತಿದ್ದಷ್ಟು ತಮ್ಮ ಬಾಯಿ ಗೊತ್ತಿಲ್ಲ.

ಸೊರಗಿದವರೂ ದಪ್ಪಗಾದವರೂ ಒಂದೇ ಮನೆಯಲ್ಲಿ

ಯಾದಗಿರಿಯಂಥ ಜಿಲ್ಲೆಯಲ್ಲಿ ಬೊಜ್ಜಿನ ಮಾತೇ ಎಂದು ಹುಬ್ಬೇರಿಸುವವರಿದ್ದಾರೆ. ಅವರ ಪ್ರಶ್ನೆ ತಪ್ಪಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಈ ಜಿಲ್ಲೆಯ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿ ಶೇ. 30ರಷ್ಟು, ಗಂಡಸರಲ್ಲಿ ಸುಮಾರು ಶೇ. 31ರಷ್ಟು ಮಂದಿ ಅತಿತೂಕ ಇಲ್ಲವೇ ಬೊಜ್ಜಿನವರು. 2015-16ರ ಸಮೀಕ್ಷೆಯಲ್ಲಿ ಇದು ಶೇ. 23 ಮತ್ತು 22ರ ಹತ್ತಿರ ಇತ್ತು. ಮಗು ಸೊರಗಿ, ತಂದೆಯ ಹೊಟ್ಟೆ ಮುಂದೆ ಬಂದ ಮನೆಗಳು ಈಗ ಅಪರೂಪವಲ್ಲ.

ಹಲ್ಲಿನ ಹುಳುಕು ಈ ಇಬ್ಬರನ್ನೂ ಬಿಡುವುದಿಲ್ಲ. ಚಿಕ್ಕಂದಿನಲ್ಲೇ ಹಲ್ಲೆಲ್ಲ ಹುಳುಕಾದ ಮಗು ನೋವಿಗೆ ಊಟ ಬಿಟ್ಟು, ರಾತ್ರಿ ನಿದ್ದೆ ಬಿಟ್ಟು ಸೊರಗುತ್ತದೆ. ಇನ್ನೊಂದು ಮನೆಯಲ್ಲಿ ಬಿಸ್ಕಿಟು, ಐದು ರೂಪಾಯಿ ಪಾಕೀಟು, ತಂಪು ಪಾನೀಯದ ಮೇಲೆ ಬೆಳೆದ ಮಗುವಿಗೆ ಹುಳುಕೂ ಬರುತ್ತದೆ, ತೂಕವೂ ಏರುತ್ತದೆ. ಆದ್ದರಿಂದ "ನಮ್ಮ ಹುಡುಗ ತೆಳ್ಳಗ ಅದಾನ, ಸಿಹಿ ತಿಂದ್ರ ಏನಾತು" ಎಂಬ ಮಾತಿಗೆ ಅರ್ಥವಿಲ್ಲ. ಬಾಯಲ್ಲಿರುವ ಕ್ರಿಮಿಗೆ ಮಗುವಿನ ತೂಕ ಗೊತ್ತಾಗುವುದಿಲ್ಲ.

ದಾರ ಒಂದಿದ್ದರೆ ಸಾಕು

ಬೊಜ್ಜು ಇದೆಯೋ ಇಲ್ಲವೋ ನೋಡಲು ತೂಕದ ಯಂತ್ರ ಹುಡುಕಬೇಕಾಗಿಲ್ಲ. ನಿಮ್ಮ ಎತ್ತರದಷ್ಟು ದಾರ ಕತ್ತರಿಸಿ, ಅದನ್ನು ಸರಿಯಾಗಿ ಅರ್ಧಕ್ಕೆ ಮಡಚಿ. ಆ ಅರ್ಧ ದಾರ ನಿಮ್ಮ ಹೊಟ್ಟೆಯನ್ನು ಸುತ್ತಿ ತುದಿಗೆ ತುದಿ ಮುಟ್ಟಬೇಕು. ಮುಟ್ಟದಿದ್ದರೆ ಹೊಟ್ಟೆ ಹೆಚ್ಚಾಗಿದೆ ಎಂದೇ ಅರ್ಥ. ಟೇಪಿದ್ದರೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಎಂಬುದು ಭಾರತೀಯರಿಗೆ ಹೇಳಿದ ಗೆರೆ. ಅಳೆಯುವ ಜಾಗ ಉಡದಾರ ಇರುವ ಜಾಗವಲ್ಲ, ಅದು ಸೊಂಟದ ಕೆಳಗೆ ಜಾರಿರುತ್ತದೆ. ಪಕ್ಕೆಲುಬಿನ ಕೊನೆ ಮತ್ತು ಸೊಂಟದ ಎಲುಬಿನ ಮೇಲ್ತುದಿ, ಇವೆರಡರ ನಡುಮಧ್ಯ ಹಿಡಿಯಬೇಕು. ಸೀರೆಯ ನೆರಿಗೆ, ಧೋತರದ ಗಂಟು ಸಡಿಲಿಸಿ, ಉಸಿರು ಮೆಲ್ಲಗೆ ಬಿಟ್ಟು, ಹೊಟ್ಟೆ ಒಳಗೆಳೆದುಕೊಳ್ಳದೆ ಅಳೆಯಿರಿ. ಹಾಗಂತ ಉಡದಾರವೂ ಸುಳ್ಳು ಹೇಳುವುದಿಲ್ಲ. ಎರಡು ವರ್ಷದಲ್ಲಿ ಅದನ್ನು ಎಷ್ಟು ಸಲ ಸಡಿಲಿಸಿ ಕಟ್ಟಿಕೊಂಡಿರಿ ಎಂದು ಕೇಳಿಕೊಂಡರೆ ಉತ್ತರ ಸಿಗುತ್ತದೆ.

ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ಬರುವ ಬಿಎಂಐ ಲೆಕ್ಕದಲ್ಲಿ ಜಗತ್ತಿಗೆ 25 ಅತಿತೂಕವಾದರೆ, ಭಾರತೀಯರಿಗೆ 23ಕ್ಕೇ ಎಚ್ಚರ, 25ಕ್ಕೆ ಬೊಜ್ಜು ಎಂದು ನಮ್ಮ ತಜ್ಞರು 2009ರಲ್ಲಿ ಗೆರೆ ಕೆಳಗಿಳಿಸಿದರು. ಕೈಕಾಲು ಸಣ್ಣಗಿದ್ದು ಹೊಟ್ಟೆಯಷ್ಟೇ ಬರುವುದು ನಮ್ಮವರ ಮೈಕಟ್ಟು. ಆ ಹೊಟ್ಟೆಯೇ ಅಪಾಯದ ಜಾಗ.

ಹೊಟ್ಟೆಗೂ ವಸಡಿಗೂ ಏನು ಸಂಬಂಧ

ಹೊಟ್ಟೆಯೊಳಗಿನ ಕೊಬ್ಬು ಸುಮ್ಮನೆ ಕೂತಿರುವುದಿಲ್ಲ. ಅದು ಟಿಎನ್‌ಎಫ್ ಆಲ್ಫಾ, ಇಂಟರ್‌ಲ್ಯೂಕಿನ್-6 ಮುಂತಾದ ಉರಿಯೂತದ ರಾಸಾಯನಿಕಗಳನ್ನು ದಿನವಿಡೀ ರಕ್ತಕ್ಕೆ ಬಿಡುತ್ತಿರುತ್ತದೆ. ಇವು ಇನ್ಸುಲಿನ್ನಿನ ಕೆಲಸ ಕೆಡಿಸುತ್ತವೆ, ಸಕ್ಕರೆ ಏರುತ್ತದೆ. ಅತ್ತ ಹಲ್ಲಿನ ಬುಡದಲ್ಲಿ ದಿನಾಲು ಕೂರುವ ಲೋಳೆಯಂಥ ಪದರದಲ್ಲಿ ಕ್ರಿಮಿಗಳಿರುತ್ತವೆ. ಮೈ ಮೊದಲೇ ಉರಿಯುತ್ತಿದ್ದರೆ ಈ ಕ್ರಿಮಿಗಳ ವಿರುದ್ಧ ವಸಡು ಅತಿಯಾಗಿ ಕೆರಳುತ್ತದೆ, ಕೆರಳಿ ತನ್ನದೇ ಎಲುಬು ಕರಗಿಸಿಕೊಳ್ಳುತ್ತದೆ. ಹಲ್ಲನ್ನು ಹಿಡಿದು ನಿಲ್ಲಿಸಿದ ಎಲುಬು ಕರಗಿದ ಮೇಲೆ ಹುಳುಕಿಲ್ಲದ ಚೆಂದದ ಹಲ್ಲೂ ಅಲ್ಲಾಡಿ ಬೀಳುತ್ತದೆ. ಇದರಲ್ಲಿ ಮೋಸದ ಸಂಗತಿ ಎಂದರೆ ನೋವೇ ಇಲ್ಲದಿರುವುದು. "ಉಜ್ಜುವಾಗ ಚೂರು ರಕ್ತ ಬರ್ತದ್ರಿ, ನೋವೇನಿಲ್ಲ ಬಿಡ್ರಿ" ಎನ್ನುತ್ತಲೇ ವರ್ಷಗಳು ಕಳೆಯುತ್ತವೆ. ಹುಳುಕು ಕೂಗಿ ಕರೆಯುತ್ತದೆ, ವಸಡಿನ ರೋಗ ಬಾಯಿ ಬಿಡುವುದಿಲ್ಲ.

ಈ ನಂಟನ್ನು ಮೊದಲು ಇಲಿಗಳಲ್ಲಿ ನೋಡಿದ್ದು 1977ರಲ್ಲಿ. 1998ರಲ್ಲಿ ಜಪಾನಿನ ಸಂಶೋಧಕರು 241 ಜನರ ವಸಡು, ತೂಕ ಎರಡನ್ನೂ ನೋಡಿ, ಬಿಎಂಐ ಏರಿದಂತೆ ವಸಡಿನ ರೋಗದ ಸಂಭವವೂ ಏರುತ್ತದೆ ಎಂದು ಪ್ರಕಟಿಸಿದರು. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳಲ್ಲಿ ಹೆಚ್ಚಿನವು ಅದೇ ಕಡೆ ಬೆರಳು ತೋರಿಸಿವೆ. ಇಲ್ಲಿ ಒಂದು ಮಾತು ಬಿಚ್ಚಿ ಹೇಳಬೇಕು. ಇವುಗಳಲ್ಲಿ ಬಹುಪಾಲು ಒಂದೇ ಸಲ ನೋಡಿದ ಸಮೀಕ್ಷೆಗಳು. ಯಾವುದು ಮೊದಲು, ಯಾವುದು ಆಮೇಲೆ ಎಂದು ಅವು ಹೇಳಲಾರವು. ತೂಕ ಇಳಿಸಿದ ಮಾತ್ರಕ್ಕೆ ವಸಡು ವಾಸಿಯಾಗುತ್ತದೆ ಎಂದಾಗಲಿ, ಹಲ್ಲು ಚೊಕ್ಕ ಇಟ್ಟರೆ ಹೊಟ್ಟೆ ಇಳಿಯುತ್ತದೆ ಎಂದಾಗಲಿ ಯಾರಾದರೂ ಹೇಳಿದರೆ ನಂಬಬೇಡಿ.

ಸಕ್ಕರೆ ಕಾಯಿಲೆಯ ವಿಷಯದಲ್ಲಿ ಪುರಾವೆ ಗಟ್ಟಿ ಇದೆ. ಕಣ್ಣು, ಮೂತ್ರಪಿಂಡ, ನರ ಮುಂತಾದ ಐದು ತೊಡಕುಗಳ ಸಾಲಿಗೆ ವಸಡಿನ ರೋಗವನ್ನು ಆರನೆಯದಾಗಿ ಸೇರಿಸಬೇಕು ಎಂದು ಹೆರಾಲ್ಡ್ ಲೋ ಎಂಬ ದಂತತಜ್ಞ 1993ರಲ್ಲಿ ಬರೆದರು. ಸಕ್ಕರೆ ಹೆಚ್ಚಿದ್ದರೆ ವಸಡು ಕೆಡುತ್ತದೆ, ವಸಡಿನಲ್ಲಿ ಕೀವಿದ್ದರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ವಸಡಿಗೆ ಸರಿಯಾಗಿ ಚಿಕಿತ್ಸೆ ಮಾಡಿಸಿದ ಸಕ್ಕರೆ ರೋಗಿಗಳಲ್ಲಿ ಮೂರು ನಾಲ್ಕು ತಿಂಗಳಿಗೆ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಸುಮಾರು 0.4ರಷ್ಟು ಇಳಿಯುತ್ತದೆ ಎಂದು 2022ರಲ್ಲಿ ಕಾಕ್ರೇನ್ ಸಂಸ್ಥೆ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ಹೇಳಿತು. ಕೇಳಲು ಚಿಕ್ಕ ಅಂಕಿ. ಆದರೆ ಗುಳಿಗೆ ನುಂಗುತ್ತಿದ್ದರೂ 8ರಿಂದ ಕೆಳಗಿಳಿಯದೆ ಒದ್ದಾಡುವವರನ್ನು ಕೇಳಿ ನೋಡಿ, 0.4ರ ಬೆಲೆ ಅವರಿಗೆ ಗೊತ್ತು.

ಬೊಜ್ಜು ಬಾಯಿಯನ್ನು ಮುಟ್ಟುವ ದಾರಿಗಳು ಇನ್ನೂ ಇವೆ. ದಪ್ಪಗಾದವರಲ್ಲಿ ಹಲವರು ರಾತ್ರಿ ಗೊರಕೆ ಹೊಡೆಯುತ್ತ ಬಾಯಿಂದ ಉಸಿರಾಡುತ್ತಾರೆ, ಬಾಯಿ ಒಣಗುತ್ತದೆ, ಜೊಲ್ಲಿನ ಕಾವಲಿಲ್ಲದೆ ಹಲ್ಲು ಬೇಗ ಹುಳುಕಾಗುತ್ತದೆ. ಎದೆಯುರಿ ಇದ್ದರೆ ಹೊಟ್ಟೆಯ ಹುಳಿ ಬಾಯಿಗೆ ಬಂದು ಹಲ್ಲಿನ ಮೇಲ್ಪದರ ಸವೆಸುತ್ತದೆ. ಬಿಪಿಗೆ ಕೊಡುವ ಆಮ್ಲೋಡಿಪಿನ್ ಗುಳಿಗೆ ಕೆಲವರಲ್ಲಿ ವಸಡು ಉಬ್ಬಿಸುತ್ತದೆ. ವಸಡು ಉಬ್ಬಿದೆ ಎಂದು ಗುಳಿಗೆಯನ್ನು ನೀವೇ ಬಿಡಬೇಡಿ, ಡಾಕ್ಟರಿಗೆ ತೋರಿಸಿ. ಬದಲಿ ಗುಳಿಗೆಗಳಿವೆ.

ನಗುವಾಗ ಸೆರಗು ಬಾಯಿಗೆ ಬರುವುದು ಯಾಕೆ

ಬಾಯಿಯ ತೊಂದರೆ ಬದುಕನ್ನು ಎಷ್ಟು ಕೆಡಿಸಿದೆ ಎಂದು ಅಳೆಯಲು ದಂತವೈದ್ಯರು 14 ಪ್ರಶ್ನೆಗಳ ಒಂದು ಪಟ್ಟಿ ಬಳಸುತ್ತಾರೆ. ಓಎಚ್‌ಐಪಿ-14 ಎಂದು ಹೆಸರು, 1997ರಲ್ಲಿ ರೂಪಿಸಿದ್ದು. ಅದರಲ್ಲಿ ಎಷ್ಟು ಹಲ್ಲು ಹುಳುಕು ಎಂದು ಕೇಳುವುದಿಲ್ಲ. ಮಾತಾಡಲು ತೊಡಕಾಗುತ್ತದೆಯೇ, ಊಟ ಅರ್ಧಕ್ಕೆ ಬಿಡಬೇಕಾಗುತ್ತದೆಯೇ, ನಾಚಿಕೆ ಅನಿಸಿದೆಯೇ, ಮಂದಿ ಮೇಲೆ ಸಿಡಿಮಿಡಿ ಮಾಡಿದ್ದೀರೇ, ದಿನದ ಕೆಲಸ ಕೆಟ್ಟಿದೆಯೇ ಎಂಬಂಥ ಪ್ರಶ್ನೆಗಳು.

ಅದನ್ನು ನಮ್ಮ ಕಡೆಗೆ ಹೊಂದಿಸಿ ಕೇಳುವುದಾದರೆ ಹೀಗೆ: ಶೇಂಗಾ ಹುರಿದು ಕೊಟ್ಟರೆ ಬೇಡ ಎನ್ನುತ್ತೀರಾ? ಭಜನೆಗೆ ಕೂತಾಗ ಮುಂದಿನ ಹಲ್ಲಿನ ಸಂದಿಯಲ್ಲಿ ಅಕ್ಷರ ಜಾರುತ್ತದೆ ಎಂದು ಹಿಂದೆ ಸರಿದಿದ್ದೀರಾ? ಫೋಟೊ ಹೊಡೆಯುವಾಗ ತುಟಿ ಬಿಗಿ ಹಿಡಿಯುತ್ತೀರಾ, ನಗು ಬಂದಾಗ ಸೆರಗು ಬಾಯಿಗೆ ಬರುತ್ತದೆಯಾ? ಬಾಯಿ ವಾಸನೆಗೆ ಮೊಮ್ಮಗು ಮುಖ ತಿರುಗಿಸಿದೆಯಾ? ರಾತ್ರಿ ಹಲ್ಲುನೋವಿಗೆ ನಿದ್ದೆಗೆಟ್ಟು ಮರುದಿನದ ಕೂಲಿ ಕಳೆದುಕೊಂಡಿದ್ದೀರಾ? ಇದರ ಜೊತೆ ಬೊಜ್ಜಿನವರಿಗೆ ಬೇರೆಯವೇ ಪ್ರಶ್ನೆಗಳಿವೆ. ತಿಂಥಣಿಯ ಮೌನೇಶ್ವರನ ಗುಡಿಯಿಂದ ನದಿಗಿಳಿದು ಹತ್ತಿ ಬರುವಾಗ ಏದುಸಿರು, ನೆಲಕ್ಕೆ ಕೂತು ಏಳುವಾಗ ಮೊಣಕಾಲು. ಎರಡೂ ಪಟ್ಟಿ ಒಬ್ಬರಲ್ಲೇ ಸೇರಿದಾಗ ಮನುಷ್ಯ ಮೆಲ್ಲಗೆ ಪಂಕ್ತಿಯಿಂದ, ಜಾತ್ರೆಯಿಂದ, ಕಟ್ಟೆಯ ಹರಟೆಯಿಂದ ದೂರವಾಗುತ್ತಾನೆ. ನಡೆಯುವುದು ಕಡಿಮೆ, ತಿನ್ನುವುದು ಮೆತ್ತನೆಯದು, ಬೇಸರಕ್ಕೆ ಇನ್ನೊಂದು ಚಹಾ.

ಹಲ್ಲಿಗೆ ಎಷ್ಟು ಸಲ, ಹೊಟ್ಟೆಗೆ ಎಷ್ಟು

ತಿಂಥಣಿ ಬ್ರಿಜ್ ಹತ್ತಿರ ಬಸ್ಸಿಗೆ ಕಾಯುವ ಯಾರೂ ಒಂದು ಚಹಾ ಕುಡಿಯದೆ ಹೋಗುವುದಿಲ್ಲ. ಅಂಗಡಿಯ ಚಹಾದಲ್ಲಿ ಸಕ್ಕರೆ ಮೊದಲೇ ಕುದ್ದಿರುತ್ತದೆ. "ಸಕ್ರಿ ಕಮ್ಮಿ ಹಾಕ್ರಿ" ಎಂದರೆ ಅಂಗಡಿಯವರು ತಲೆಯಾಡಿಸುತ್ತಾರೆ, ಪಾತ್ರೆಯಿಂದ ಬರುವುದು ಅದೇ ಚಹಾ. ಕಪ್ಪಿಗೆ ಎರಡು ಚಮಚ ಸಕ್ಕರೆ ಹಿಡಿದರೆ ಎಂಟು ಹತ್ತು ಗ್ರಾಂ. ಮನೆಯದು, ಹೊಲದ್ದು, ಅಂಗಡಿಯದು, ಬೀಗರ ಮನೆಯದು ಸೇರಿ ದಿನಕ್ಕೆ ಐದಾದರೆ 40ರಿಂದ 50 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಮಿತಿ ದಿನಕ್ಕೆ ಸುಮಾರು 50 ಗ್ರಾಂ, 25ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. ಬಿಸ್ಕಿಟು, ಹೋಳಿಗೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ, ಚಹಾದಲ್ಲೇ ಪಾಲು ಮುಗಿಯಿತು.

ಇಲ್ಲಿ ಹಲ್ಲಿನ ಲೆಕ್ಕವೂ ಹೊಟ್ಟೆಯ ಲೆಕ್ಕವೂ ಬೇರೆ. ಹೊಟ್ಟೆಗೆ ಮುಖ್ಯ ಒಟ್ಟು ಎಷ್ಟು ಗ್ರಾಂ ಎಂಬುದು. ಹಲ್ಲಿಗೆ ಮುಖ್ಯ ಎಷ್ಟು ಸಲ ಎಂಬುದು. ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷದಲ್ಲಿ ಕ್ರಿಮಿಗಳು ಅದನ್ನು ಆಮ್ಲ ಮಾಡುತ್ತವೆ, ಬಾಯಿಯ ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಖನಿಜ ಕರಗತೊಡಗುತ್ತದೆ. ಜೊಲ್ಲು ಅದನ್ನು ಮತ್ತೆ ಸರಿಪಡಿಸಲು ಅರ್ಧ ಗಂಟೆಯಾದರೂ ಬೇಕು. ಅಷ್ಟರಲ್ಲಿ ಇನ್ನೊಂದು ಚಹಾ, ಇನ್ನೊಂದು ಬಿಸ್ಕಿಟು ಬಂದರೆ ಹಲ್ಲಿಗೆ ಬಿಡುವೇ ಇಲ್ಲ. ಬೆಲ್ಲವೂ ಹಲ್ಲಿಗೆ ಸಕ್ಕರೆಯೇ, ಬೆಲ್ಲದ ಚಹಾ ಆರೋಗ್ಯಕರ ಎಂಬ ಸಮಾಧಾನ ಬೇಡ.

ಆದ್ದರಿಂದ ಜಾತ್ರೆಯಿಂದ ತಂದ ಬೆಂಡು ಬತ್ತಾಸನ್ನು ಮಕ್ಕಳು ಮೂರು ದಿನ ಜೇಬಿನಲ್ಲಿಟ್ಟು ಮೆಲ್ಲುವುದಕ್ಕಿಂತ ಊಟವಾದ ಕೂಡಲೇ ಒಂದಿಷ್ಟು ತಿಂದು, ನೀರು ಮುಕ್ಕಳಿಸಿ, ಡಬ್ಬಿ ಮುಚ್ಚುವುದು ಲೇಸು. ಹಬ್ಬದ ಹೋಳಿಗೆ ಬಿಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೂ ಯಾರೂ ಕೇಳುವುದಿಲ್ಲ. ಹಬ್ಬದ ಸಿಹಿ ವರ್ಷಕ್ಕೆ ಕೆಲವು ದಿನ, ಚಹಾ ದಿನಾಲು. ಕೈ ಹಾಕಬೇಕಾದದ್ದು ಚಹಾಕ್ಕೆ. ಮನೆಯಲ್ಲಿ ವಾರಕ್ಕೆ ಅರ್ಧ ಚಮಚದಂತೆ ಇಳಿಸುತ್ತ ಬಂದರೆ ನಾಲಿಗೆ ಒಗ್ಗಿಕೊಳ್ಳುತ್ತದೆ. ಅಂಗಡಿಯಲ್ಲಿ ಬೇರೆ ಮಾಡಿಸಿಕೊಳ್ಳಿ, ಇಲ್ಲವೇ ಅರ್ಧ ಕಪ್ಪಿಗೆ ನಿಲ್ಲಿಸಿ. ಬಂದವರಿಗೆ ಮಜ್ಜಿಗೆ ಕೊಡುವ ಪದ್ಧತಿ ಈ ಸೀಮೆಗೆ ಹೊಸದೇನಲ್ಲ.

ಸಂಜೆಯ ಮಿರ್ಚಿ ಭಜಿ ಹಲ್ಲಿಗೆ ಅಷ್ಟು ಕೆಟ್ಟದ್ದಲ್ಲ, ಹೊಟ್ಟೆಗೆ ಕೆಟ್ಟದ್ದು. ಬಿಸ್ಕಿಟು ಎರಡಕ್ಕೂ ಕೆಟ್ಟದ್ದು, ಹಲ್ಲಿನ ಸಂದಿಯಲ್ಲಿ ಅಂಟಿ ಕೂರುತ್ತದೆ. ಹುರಿಗಡಲೆ, ಒಂದು ಹಿಡಿ ಶೇಂಗಾ, ಸವತಿಕಾಯಿ ಇವೆಲ್ಲ ಎರಡಕ್ಕೂ ಮೇಲು. ರಾತ್ರಿ ಒಂದು ಹೊತ್ತಾದರೂ ರೊಟ್ಟಿಗೆ ಮರಳಿ. ಹಲ್ಲು ಒಪ್ಪದಿದ್ದರೆ ಬಿಸಿ ಮೆತ್ತನೆಯ ರೊಟ್ಟಿ, ಅದೂ ಆಗದಿದ್ದರೆ ಜೋಳದ ನುಚ್ಚು, ಸಜ್ಜೆ ಗಂಜಿ. ನಾರು ಸಿಗುತ್ತದೆ.

ತಂಬಾಕು, ಮಿಶ್ರಿ ಮತ್ತು ಕಂದು ಹಲ್ಲು

ಊಟವಾದ ಮೇಲೆ ಸುಣ್ಣ ತಿಕ್ಕಿದ ತಂಬಾಕು ತುಟಿಯೊಳಗೆ ಇಡುವವರು, ತಂಬಾಕಿನ ಪುಡಿ ಮಿಶ್ರಿ ಹಚ್ಚಿ ಹಲ್ಲುಜ್ಜುವ ಹೆಂಗಸರು ಇನ್ನೂ ಇದ್ದಾರೆ. ಗುಟ್ಕಾ 2013ರಲ್ಲೇ ರಾಜ್ಯದಲ್ಲಿ ನಿಷೇಧವಾದರೂ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಒಂದು ಚೀಟಿ ಎಂದು ಎರಡಾಗಿ ಬಂತು. "ತಂಬಾಕ ಹಾಕಿದ್ರ ಹಲ್ಲುನೋವು ಕಮ್ಮಿ ಆಗ್ತದ" ಎಂಬುದು ಹಳೆಯ ನಂಬಿಕೆ. ನೋವಿನ ಮಾತು ಹಾಗಿರಲಿ, ನಿಕೋಟಿನ್ ವಸಡಿನ ರಕ್ತನಾಳ ಕುಗ್ಗಿಸುವುದರಿಂದ ರಕ್ತ ಕಾಣಿಸುವುದು ಕಡಿಮೆಯಾಗುತ್ತದೆ ನಿಜ, ಒಳಗೆ ಎಲುಬು ಕರಗುವುದು ನಿಲ್ಲುವುದಿಲ್ಲ. ಬೊಜ್ಜು, ಸಕ್ಕರೆ, ತಂಬಾಕು ಮೂರೂ ಇದ್ದವರ ವಸಡು ನೋಡಿದರೆ ದಂತವೈದ್ಯರಿಗೆ ಮುಂದಿನದು ಮೊದಲೇ ತಿಳಿಯುತ್ತದೆ. ತಂಬಾಕಿನಿಂದ ಬಾಯಿ ಕ್ಯಾನ್ಸರ್ ಬರುವುದು ಎಲ್ಲರಿಗೂ ಗೊತ್ತಿರುವುದೇ. ಎರಡು ವಾರಕ್ಕೂ ಮಾಯದ ಹುಣ್ಣು, ಬಿಳಿ ಇಲ್ಲವೇ ಕೆಂಪು ಮಚ್ಚೆ, ಮೂರು ಬೆರಳು ನಿಲ್ಲಿಸಿ ಹಿಡಿಸುವಷ್ಟು ಬಾಯಿ ತೆರೆಯದಿರುವುದು, ಇವು ಕಂಡರೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ.

ಹಲ್ಲಿನ ಮೇಲಿನ ಕಂದು ಗೆರೆಗಳ ಮಾತು ಬೇರೆ. ಯಾದಗಿರಿ ಜಿಲ್ಲೆಯ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಾಗ 1.5ರವರೆಗೆ ಎಂಬುದು ಭಾರತೀಯ ಮಾನದಂಡ. ಹಲ್ಲು ದವಡೆಯೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಅದಕ್ಕಿಂತ ಹೆಚ್ಚು ಕುಡಿದ ಮಕ್ಕಳಿಗೆ ಹಲ್ಲಿನ ಮೇಲೆ ಸುಣ್ಣದಂಥ ಮಚ್ಚೆ, ಮುಂದೆ ಕಂದು ಗೆರೆ ಬರುತ್ತದೆ. ಇದು ಕೊಳೆಯಲ್ಲ, ಇದ್ದಿಲು, ಇಟ್ಟಿಗೆಪುಡಿ ಹಾಕಿ ತಿಕ್ಕಿದರೆ ಹೋಗುವುದಿಲ್ಲ. ತಿಕ್ಕಿ ತಿಕ್ಕಿ ಹಲ್ಲು ಸವೆಸಿಕೊಂಡವರೇ ಹೆಚ್ಚು. ನೀರು ಪರೀಕ್ಷೆಗೆ ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯದಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ನೋಡುತ್ತಾರೆ. ಗೆರೆ ಬಂದಾಗಿದ್ದರೆ ದಂತವೈದ್ಯರು ಅದನ್ನು ಮರೆಸಬಲ್ಲರು.

ಉಜ್ಜುವುದು ಹೇಗೆ

ಬೇವಿನ ಕಡ್ಡಿ ಕೆಟ್ಟದ್ದಲ್ಲ, ಆದರೆ ಹಿಂದಿನ ದವಡೆಯ ಒಳಬದಿಗೆ ಅದು ಮುಟ್ಟುವುದಿಲ್ಲ. ಮೆತ್ತನೆ ಎಳೆಯ ಬ್ರಷ್ಷು, ಫ್ಲೋರೈಡ್ ಇರುವ ಪೇಸ್ಟು ಸಾಕು. ಬ್ರಷ್ಷನ್ನು ಹಲ್ಲು ಮತ್ತು ವಸಡು ಕೂಡುವ ಗೆರೆಗೆ ಓರೆಯಾಗಿ ಹಿಡಿದು ಸಣ್ಣಗೆ ಆಡಿಸಿ, ಪಾತ್ರೆ ತಿಕ್ಕಿದಂತೆ ಅಡ್ಡಡ್ಡ ಎಳೆಯಬೇಡಿ. ಎರಡು ನಿಮಿಷ ಹಿಡಿಯಬೇಕು. ರಕ್ತ ಬರುವ ಜಾಗವನ್ನು ಬಿಟ್ಟು ಉಜ್ಜುವುದು ಎಲ್ಲರೂ ಮಾಡುವ ತಪ್ಪು, ಆ ಜಾಗಕ್ಕೇ ಹೆಚ್ಚು ಗಮನ ಬೇಕು. ಬೆಳಿಗ್ಗೆಯದಕ್ಕಿಂತ ರಾತ್ರಿಯದು ಮುಖ್ಯ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಹಲ್ಲಿಗೆ ಕಾವಲಿಲ್ಲ. ರಾತ್ರಿ ಉಜ್ಜಿದ ಮೇಲೆ ನೀರಲ್ಲದೆ ಬೇರೇನೂ ಬಾಯಿಗೆ ಹೋಗಬಾರದು. ಹುಳಿ ವಾಂತಿಯಾದರೆ, ಎದೆಯುರಿಯಿಂದ ಬಾಯಿ ಹುಳಿಯಾದರೆ ಕೂಡಲೇ ಉಜ್ಜದೆ ನೀರು ಮುಕ್ಕಳಿಸಿ ಅರ್ಧ ಗಂಟೆ ಬಿಡಿ. ಮಕ್ಕಳಿಗೆ ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು ಪೇಸ್ಟು, ಆರರವರೆಗೆ ಬಟಾಣಿಯಷ್ಟು. ಫ್ಲೋರೈಡ್ ನೀರಿನ ಊರಲ್ಲಂತೂ ನುಂಗದೆ ಉಗುಳುವಂತೆ ಪಕ್ಕದಲ್ಲಿ ನಿಂತು ನೋಡಬೇಕು. ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸುವುದನ್ನು ಬಿಡಿಸಿ.

ಎಲ್ಲಿಗೆ ಹೋಗಬೇಕು, ಏನು ಕೇಳಬೇಕು

30 ದಾಟಿದವರ ಮನೆಗೆ ಆಶಾ ಕಾರ್ಯಕರ್ತೆ ಒಂದು ಫಾರಂ ಹಿಡಿದು ಬರುತ್ತಾರೆ. ಅದರಲ್ಲಿ ನಿಮ್ಮ ವಯಸ್ಸು, ತಂಬಾಕು, ಹೊಟ್ಟೆಯ ಸುತ್ತಳತೆ, ಮನೆತನದಲ್ಲಿ ಸಕ್ಕರೆ ಇದೆಯೇ ಎಂಬುದನ್ನು ಬರೆದು ಅಂಕ ಹಾಕುತ್ತಾರೆ, ಬಾಯಿ ತೆರೆಯಲು ತೊಂದರೆಯೇ, ಮಾಯದ ಹುಣ್ಣಿದೆಯೇ ಎಂದೂ ಕೇಳುತ್ತಾರೆ. ಹೊಟ್ಟೆ ಮತ್ತು ಬಾಯಿಯನ್ನು ಒಂದೇ ಹಾಳೆಯಲ್ಲಿ ಜೊತೆಗೆ ನೋಡುವ ಜಾಗ ಹಳ್ಳಿಯಲ್ಲಿ ಬಹುಶಃ ಇದೊಂದೇ. ಟೇಪು ತೆಗೆದಾಗ ನಾಚಿ "ನೀವs ಬರಕೊಳ್ರಿ ಯಕ್ಕಾ" ಎನ್ನಬೇಡಿ, ಅಳತೆ ಕೊಡಿ. ವಸಡಿನಿಂದ ರಕ್ತ ಬರುವುದನ್ನು ನೀವಾಗಿ ಹೇಳಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ, ಬಿಪಿ ನೋಡಿಸಿಕೊಳ್ಳಿ.

ಹಲ್ಲಿಗೆ ಸುರಪುರ, ಶಹಾಪುರದ ತಾಲೂಕು ಆಸ್ಪತ್ರೆಗಳಲ್ಲಿ ಮೊದಲು ವಿಚಾರಿಸಿ. ದಂತವೈದ್ಯರು ಯಾವ ದಿನ ಸಿಗುತ್ತಾರೆ ಎಂದು ತಿಳಿದುಕೊಂಡೇ ಬಸ್ಸು ಹತ್ತಿ. ದೊಡ್ಡ ಚಿಕಿತ್ಸೆಗೆ ಕಲಬುರಗಿ ಮತ್ತು ರಾಯಚೂರಿನಲ್ಲಿ ದಂತ ಕಾಲೇಜುಗಳಿವೆ. ಕಲಬುರಗಿಯಲ್ಲಿ ಎಚ್‌ಕೆಇ ಸಂಸ್ಥೆಯ ಎಸ್. ನಿಜಲಿಂಗಪ್ಪ ಕಾಲೇಜು, ಅಲ್-ಬದರ್ ಕಾಲೇಜು, ರಾಯಚೂರಿನಲ್ಲಿ ನವೋದಯ ಮತ್ತು ಎಎಂಇ. ಕಾಲೇಜು ಆಸ್ಪತ್ರೆಗಳಲ್ಲಿ ಖರ್ಚು ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆ, ಹೊತ್ತು ಹೆಚ್ಚು ಹಿಡಿಯುತ್ತದೆ.

ಹಲ್ಲು ಚೊಕ್ಕ ಮಾಡಿಸಿದರೆ ಸಡಿಲಾಗುತ್ತವೆ ಎಂಬ ಭಯ ಬಹಳ ಜನಕ್ಕಿದೆ. ಸಡಿಲಾದ ಹಲ್ಲನ್ನು ಗಟ್ಟಿಯಾಗಿ ಕಟ್ಟಿದ ಕಿಟ್ಟ ಹಿಡಿದುಕೊಂಡಿರುತ್ತದೆ, ಅದನ್ನು ತೆಗೆದಾಗ ಮೊದಲೇ ಇದ್ದ ಸಡಿಲು ಗೊತ್ತಾಗುತ್ತದೆ, ಅಷ್ಟೆ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ ಎಂಬುದೂ ಸುಳ್ಳು. ಸಂತೆ, ಜಾತ್ರೆಯಲ್ಲಿ ಕೂತು ಅಗ್ಗಕ್ಕೆ ಹಲ್ಲು ಕಟ್ಟುವವರ ಹತ್ತಿರ ಮಾತ್ರ ಹೋಗಬೇಡಿ. ಅವರು ಅಂಟಿಸುವ ಹಲ್ಲು ಬಿಚ್ಚಲು ಬರುವುದಿಲ್ಲ, ಕೆಳಗೆ ಕೊಳೆತು ಪಕ್ಕದ ಒಳ್ಳೆ ಹಲ್ಲೂ ಹೋಗುತ್ತದೆ.

ಹಲ್ಲು ಪೂರ್ತಿ ಹೋದ ಬಡ ಹಿರಿಯರಿಗೆ ರಾಜ್ಯ ಸರ್ಕಾರದ ದಂತಭಾಗ್ಯ ಯೋಜನೆಯಡಿ ಹಲ್ಲಿನ ಸೆಟ್ಟು ಉಚಿತ. ಬಿಪಿಎಲ್ ಚೀಟಿ, ಆಧಾರ್ ಇಟ್ಟುಕೊಂಡು ತಾಲೂಕು ಆಸ್ಪತ್ರೆಯಲ್ಲಿ ಈಗಿನ ವಯಸ್ಸಿನ ಮಿತಿ, ಎಲ್ಲಿ ಮಾಡಿಕೊಡುತ್ತಾರೆ ಎಂದು ಕೇಳಿ. ಸೆಟ್ಟು ಸಿಕ್ಕಿದ ಮೇಲೆ ಮೊದಲ ಕೆಲವು ವಾರ ಒತ್ತುತ್ತದೆ. ಒತ್ತಿದ ಜಾಗ ತಿದ್ದಿಸಿಕೊಳ್ಳಲು ಮತ್ತೆ ಹೋಗದೆ ಅದನ್ನು ಮಾಡದ ಮೇಲೆ ಇಟ್ಟುಬಿಡುವವರೇ ಬಹಳ. ರಾತ್ರಿ ತೆಗೆದು ತೊಳೆದು ನೀರಲ್ಲಿಡಿ.

ದಂತವೈದ್ಯರ ಹತ್ತಿರ ಹೊರಡುವ ದಿನ ಊಟ, ಗುಳಿಗೆ ತಪ್ಪಿಸಬೇಡಿ. ಹಸಿದ ಹೊಟ್ಟೆಯಲ್ಲಿ ಹಲ್ಲು ಕೀಳಿಸಲು ಹೋದ ಸಕ್ಕರೆ ರೋಗಿಗಳು ಅಲ್ಲೇ ತಲೆಸುತ್ತಿ ಬೀಳಬಹುದು. ಇತ್ತೀಚಿನ ಸಕ್ಕರೆ ರಿಪೋರ್ಟು, ನುಂಗುವ ಗುಳಿಗೆಗಳ ಪಟ್ಟಿ ಒಯ್ಯಿರಿ. ರಕ್ತ ತೆಳುಮಾಡುವ ಗುಳಿಗೆ ಇದ್ದರೆ ಮೊದಲೇ ಹೇಳಿ, ನೀವೇ ನಿಲ್ಲಿಸಬೇಡಿ. ರಾತ್ರಿ ಜೋರು ಗೊರಕೆ, ಅಂಗಾತ ಮಲಗಿದರೆ ಉಸಿರು ಕಟ್ಟುವುದು ಇದ್ದರೆ ಅದನ್ನೂ ಹೇಳಿ, ಕುರ್ಚಿಯನ್ನು ಪೂರ್ತಿ ಮಲಗಿಸದೆ ಕೂರಿಸಿಕೊಂಡೇ ನೋಡುತ್ತಾರೆ. ವಸಡಿನ ಚಿಕಿತ್ಸೆ ಮುಗಿದು ಮೂರು ತಿಂಗಳಾದ ಮೇಲೆ ಎಚ್‌ಬಿಎ1ಸಿ ಮತ್ತೆ ಮಾಡಿಸಿ, ಆ ಚೀಟಿಯನ್ನು ಸಕ್ಕರೆ ಡಾಕ್ಟರಿಗೂ ದಂತವೈದ್ಯರಿಗೂ ಇಬ್ಬರಿಗೂ ತೋರಿಸಿ.